ಕಟ್ಟು ಬಿಚ್ಚಿದ ಮೇಲಿನ ಕೆಲಸ

ನಮ್ಮ ಬೀದಿಯ ತರುಣನೊಬ್ಬ ಮೊನ್ನೆ ಸರ್ಕಾರಿ ಆಸ್ಪತ್ರೆಯಲ್ಲಿ ಡ್ರೆಸ್ಸರ್ ಕೆಲಸಕ್ಕೆ ಸೇರಿದ. ಹೊರಡುವ ಮುನ್ನ ನಮಸ್ಕಾರ ಮಾಡಲು ಬಂದವನು, "ಅಜ್ಜಾರೇ, ಗಾಯ ತೊಳ್ದು ಕಟ್ಟು ಕಟ್ಟೋದಷ್ಟೇ ಅಲ್ಲೇನ್ರಿ? ಅದ್ರಾಗೆ ಕಲಿಯೋದೇನೈತೆ?" ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದವನನ್ನು ಬೈಯಬಾರದೆಂದು ಬೆಲ್ಲ, ನೀರು ಕೊಟ್ಟು ಕಳಿಸಿದೆ. ಅವನಿಗೆ ಹೇಳಬೇಕೆಂದಿದ್ದುದನ್ನು ಈಗ ಬರೆಯುತ್ತಿದ್ದೇನೆ. ಅವನಂತೆಯೇ ಈ ಕೆಲಸಕ್ಕೆ ಬರುವ ಉಳಿದವರೂ ಓದಿಕೊಳ್ಳಲಿ.

ಕಟ್ಟು ಕಟ್ಟುವುದನ್ನು ಹದಿನೈದು ದಿನದಲ್ಲಿ ಯಾರು ಬೇಕಾದರೂ ಕಲಿಯಬಹುದು. ನನ್ನ ಆಯುಷ್ಯ ಹೋದದ್ದು ಕಟ್ಟು ಬಿಚ್ಚಿದ ಮೇಲಿನ ಕೆಲಸದಲ್ಲಿ. ಗಾಯ ಮಾದಿರುತ್ತದೆ, ಮೂಳೆ ಕೂಡಿರುತ್ತದೆ, ಡಾಕ್ಟರು ಮುಂದಿನ ರೋಗಿಯನ್ನು ಕರೆದಿರುತ್ತಾರೆ. ಆದರೆ ಆ ಕೈ ಇನ್ನೂ ಕೈಯಾಗಿರುವುದಿಲ್ಲ. ಅದನ್ನು ಮತ್ತೆ ಅವನ ಕೈಯನ್ನಾಗಿ ಮಾಡಿಕೊಡುವ ಕೆಲಸಕ್ಕೆ ನಮ್ಮ ಕಾಲದಲ್ಲಿ ಒಂದು ಹೆಸರೂ ಇರಲಿಲ್ಲ. ಜನ ನನ್ನನ್ನು "ಕೈ ತಿಕ್ಕೋ ಅಯ್ಯ" ಎಂದು ಕರೆಯುತ್ತಿದ್ದರು. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಹಾಗೆ ಕರೆಯುವವರು ಯಾರೂ ಉಳಿದಿಲ್ಲವಲ್ಲ ಎಂದು ಬೇಸರವಾಗುತ್ತದೆ.

ನಾನು ಕೆಲಸಕ್ಕೆ ಸೇರಿದ್ದು ಚಳ್ಳಕೆರೆಯಲ್ಲಿ. ಎರಡು ಕೋಣೆ, ಒಂದು ಜಗಲಿ, ಮುಂದೊಂದು ಬೇವಿನ ಮರ, ಇಷ್ಟೇ ನಮ್ಮ ದವಾಖಾನೆ. ಬೆಳಗಾದರೆ ಬೇವಿನ ಮರದ ಕೆಳಗೆ ಗಾಡಿಗಳು ಬಂದು ನಿಲ್ಲುತ್ತಿದ್ದವು. ಗಾಯ ತೊಳೆಯುವ ಕಾರ್ಬಾಲಿಕ್ ನೀರಿನ ವಾಸನೆ ನನ್ನ ಅಂಗಿಗೆ ಎಷ್ಟು ಹತ್ತಿತ್ತೆಂದರೆ, ಊಟಕ್ಕೆ ಕೂತರೆ ನನ್ನ ಹೆಂಡತಿ ತಟ್ಟೆ ಇಟ್ಟು ಎರಡು ಮಾರು ದೂರ ಹೋಗಿ ನಿಲ್ಲುತ್ತಿದ್ದಳು. ಇವತ್ತು ಎಲ್ಲಿಯಾದರೂ ಆ ವಾಸನೆ ಬಂದರೆ ನನ್ನ ಕಾಲು ತಾನಾಗಿಯೇ ನಿಂತುಬಿಡುತ್ತದೆ.

ನನ್ನ ಡಾಕ್ಟರು ಅನಂತಯ್ಯನವರು. ಮೈಸೂರಿನ ಕಡೆಯವರು, ಸಣಕಲು ದೇಹ, ಮೂಗಿನ ತುಂಬ ನಶ್ಯ, ನಾಲಿಗೆಯ ತುಂಬ ಮೆಣಸು. ನಾನು ಕಟ್ಟಿದ ಮೊದಲ ಕಟ್ಟನ್ನು ನೋಡಿ, "ಏನಯ್ಯಾ, ಕಟ್ಟು ಕಟ್ಟಿದೀಯೋ ಹೆಣ ಕಟ್ಟಿದೀಯೋ?" ಎಂದು ರೋಗಿಯ ಎದುರಿಗೇ ಕೇಳಿದ್ದರು. ರೋಗಿ ಹೆದರಿ ಎದ್ದು ಹೋಗುವುದರಲ್ಲಿದ್ದ. ಬೈಗುಳದಲ್ಲಿ ಅವರನ್ನು ಮೀರಿಸುವವರನ್ನು ನಾನು ಕಂಡಿಲ್ಲ. ಆದರೆ ತಮ್ಮ ತಪ್ಪು ಕಂಡರೂ ಅಷ್ಟೇ ಜೋರಾಗಿ ತಮ್ಮನ್ನೇ ಬೈದುಕೊಳ್ಳುತ್ತಿದ್ದರು.

ಹಾಗೆ ಬೈದುಕೊಂಡದ್ದು ಬೋರಯ್ಯನ ಕೈಯ ಕಟ್ಟು ಬಿಚ್ಚಿದ ದಿನ. ಬೋರಯ್ಯ ದೊಡ್ಡಉಳ್ಳಾರ್ತಿಯವನು, ಊರಾಚೆಯ ಹುಲ್ಲುಗಾವಲಾದ ಕಾವಲಿನಲ್ಲಿ ದನ ಕಾಯುವವನು. ಹೋರಿಗೆ ಹಾಕಿದ ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಳಬಾರದೆಂದು ಅಲ್ಲಿಯ ಚಿಕ್ಕ ಮಕ್ಕಳಿಗೂ ಗೊತ್ತು. ಬೋರಯ್ಯ ಅದನ್ನೇ ಮಾಡಿದ್ದ. ಹೋರಿ ಕಿತ್ತುಕೊಂಡು ಓಡಿದಾಗ ಅಂಗೈಯ ಮೂಳೆಗಳು ಮುರಿದವು. ಆಗಿನ ಪದ್ಧತಿಯಂತೆ ನಾವು ಕೈಯನ್ನು ಒಂದು ನೇರ ಹಲಗೆಯ ಮೇಲೆ ಚಾಚಿಸಿ ಬಿಗಿದು ಕಟ್ಟಿದೆವು. ಮೂಳೆ ಚೆನ್ನಾಗಿ ಕೂಡಿತು. ಹಲಗೆ ಬಿಚ್ಚಿದರೆ ಬೆರಳುಗಳೂ ಹಲಗೆಯೇ ಆಗಿದ್ದವು, ಒಂದೂ ಮಡಚುತ್ತಿರಲಿಲ್ಲ.

ಬೋರಯ್ಯ ಎರಡೂ ಕೈ ಜೋಡಿಸಿ ನಮಗೆ ತೋರಿಸಿದ. "ಕೈ ಮುಗಿಯೋಕೆ ಬರ್ತೈತೆ ಸಾಮಿ. ಮುದ್ದೆ ಮುರಿಯೋಕೆ ಬರಂಗಿಲ್ಲ. ಇನ್ಮ್ಯಾಕೆ ನಾನು ದೇವ್ರ ಮುಂದೆ ನಿಲ್ಲೋಕಷ್ಟೇ ಸೈ" ಎಂದ.

ಅನಂತಯ್ಯನವರು ನಶ್ಯದ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿ, "ಮುಠ್ಠಾಳ, ಶುದ್ಧ ಮುಠ್ಠಾಳ" ಎಂದು ತಮ್ಮನ್ನು ತಾವೇ ಬೈದುಕೊಂಡರು. ಅಂದಿನಿಂದ ನಮ್ಮಲ್ಲಿ ಹಲಗೆಯ ಕಟ್ಟು ಹೋಯಿತು. ಬಟ್ಟೆಯನ್ನು ಮುದ್ದೆಯಷ್ಟು ಗಾತ್ರಕ್ಕೆ ಉಂಡೆ ಮಾಡಿ, ಅದನ್ನು ರೋಗಿಯ ಅಂಗೈಯಲ್ಲಿಟ್ಟು, ಬೆರಳು ಬಾಗಿದ ಹಾಗೆಯೇ ಕಟ್ಟತೊಡಗಿದೆವು. ಅದಕ್ಕೆ ಮುದ್ದೆ ಕಟ್ಟು ಎಂದು ಹೆಸರಿಟ್ಟವನು ಬೋರಯ್ಯನೇ.

ಅವನ ಬೆರಳು ಬಗ್ಗಿಸಲು ನಾನು ದಿನವೂ ತಿಕ್ಕಿದೆ, ಎಳೆದೆ, ಬಿಸಿ ತೌಡಿನ ಗಂಟಿನಿಂದ ಕಾವು ಕೊಟ್ಟೆ. ಅವನು ಕಿರುಚಿದ, ನಾನು ಬೆವರಿದೆ, ಬೆರಳು ಮಾತ್ರ ಜಪ್ಪಯ್ಯ ಎಂದರೂ ಬಗ್ಗಲಿಲ್ಲ. ಕೊನೆಗೆ ಅವನೇ ಬೇಸತ್ತು ಮನೆಯಿಂದ ಉಣ್ಣೆಯನ್ನೂ ಕದಿರನ್ನೂ ತಂದುಕೊಂಡ. ಜಗಲಿಯ ಮೇಲೆ ಸರದಿಗೆ ಕಾಯುತ್ತ, ಬಂದವರ ಹತ್ತಿರ ಕಾವಲಿನ ಸುದ್ದಿ ಹೇಳುತ್ತ ಕಂಬಳಿಯ ನೂಲು ತೆಗೆಯತೊಡಗಿದ. ನಾನು ಎಳೆದಾಗ ಬಗ್ಗದ ಬೆರಳು ಉಣ್ಣೆಗೆ ಬಗ್ಗಿತು! ಅದನ್ನು ಕಂಡ ಡಾಕ್ಟರು, "ನಾಳೆಯಿಂದ ಅವನ ಕೈ ಮುಟ್ಟಬೇಡ. ಉಣ್ಣೆ ತರೋದಕ್ಕೆ ಹೇಳು" ಎಂದರು. ಆಮೇಲೆ ಬಂದವರಿಗೆಲ್ಲ ಅವರವರ ಕೆಲಸವನ್ನೇ ಔಷಧಿಯಾಗಿ ಕೊಡುವುದು ನಮ್ಮ ರೂಢಿಯಾಯಿತು. ಒಬ್ಬ ಹಗ್ಗ ಹೊಸೆಯುತ್ತಿದ್ದ, ಒಬ್ಬಳು ಕಾಳು ಆರಿಸುತ್ತಿದ್ದಳು, ಇನ್ನೊಬ್ಬ ಬುಟ್ಟಿ ಹೆಣೆಯುತ್ತಿದ್ದ.

ಹೀಗಿರುವಾಗ ಜಿಲ್ಲೆಯಿಂದ ದೊಡ್ಡ ಅಧಿಕಾರಿಯೊಬ್ಬರು ತಪಾಸಣೆಗೆ ಬಂದರು. ಬೂಟುಗಾಲಲ್ಲಿ ಜಗಲಿ ಹತ್ತಿ, ಉಣ್ಣೆ, ಹಗ್ಗ, ಬುಟ್ಟಿ ಎಲ್ಲವನ್ನೂ ನೋಡಿ, "ಇದೇನು ಆಸ್ಪತ್ರೆಯೋ ಸಂತೆಯೋ?" ಎಂದು ಗರ್ಜಿಸಿದರು.

"ಸಂತೆಯೇ ಸ್ವಾಮಿ. ಕೈ ಕಳಕೊಂಡವರು ಹುಡುಕಿಕೊಳ್ಳೋದಕ್ಕೆ ಬಂದಿದಾರೆ" ಎಂದರು ಅನಂತಯ್ಯನವರು.

ಅಧಿಕಾರಿಗಳು ನಗಲಿಲ್ಲ, ಬೈಯಲೂ ಇಲ್ಲ. ಹೊರಡುವಾಗ ಮಾತ್ರ ಡಾಕ್ಟರನ್ನು ಪಕ್ಕಕ್ಕೆ ಕರೆದು, ಕುದುರೆಯಿಂದ ಬಿದ್ದಾಗಿನಿಂದ ಮಡಚದೆ ನಿಂತಿದ್ದ ತಮ್ಮ ಕಿರುಬೆರಳನ್ನು ತೋರಿಸಿ, ಇದಕ್ಕೇನಾದರೂ ಮಾಡಬಹುದೇ ಎಂದು ಮೆಲ್ಲಗೆ ಕೇಳಿದರು. ಬೋರಯ್ಯನ ಹತ್ತಿರ ಉಣ್ಣೆ ಇಸಿದುಕೊಡಲೇ ಎಂದು ಅವರನ್ನು ಕೇಳುವ ಮನಸ್ಸು ನನಗಾಗಿತ್ತು. ನೌಕರಿಯ ಆಸೆಯಿಂದ ತುಟಿ ಕಚ್ಚಿಕೊಂಡೆ.

ಕೆಲವು ವರ್ಷಗಳ ಮೇಲೆ ಡಾಕ್ಟರಿಗೆ ಮೊಳಕಾಲ್ಮೂರಿಗೆ ವರ್ಗವಾಯಿತು. ಬೈಗುಳವಿಲ್ಲದೆ ಕೆಲಸ ಮಾಡುವುದು ನನಗೂ ಮರೆತುಹೋಗಿದ್ದರಿಂದ ನಾನೂ ಅರ್ಜಿ ಹಾಕಿ ಹಿಂದೆಯೇ ಹೋದೆ. ಗಾಡಿಯಲ್ಲಿ ಸಾಮಾನು ಹೇರಿಕೊಂಡು ಊರು ಹೊಕ್ಕಾಗ ಮೊದಲು ಕೇಳಿಸಿದ್ದು ಮಗ್ಗದ ಸದ್ದು. ಒಂದು ಮನೆಯಲ್ಲಿ ನಿಂತರೆ ಇನ್ನೊಂದು ಮನೆಯಲ್ಲಿ ಶುರುವಾಗುತ್ತಿತ್ತು. ಆ ಸದ್ದು ಕೇಳದೆ ನಿದ್ದೆ ಬಾರದಷ್ಟು ಅದಕ್ಕೆ ಒಗ್ಗಿಹೋದೆ. ನೇಕಾರರ ಬೀದಿಯಲ್ಲಿ ತೆಲುಗು, ಪೇಟೆಯಲ್ಲಿ ಕನ್ನಡ, ಜಗಳಕ್ಕೆ ಎರಡೂ.

ಓಬಳಯ್ಯ ಅಲ್ಲಿಯ ರೇಷ್ಮೆ ಸೀರೆಯ ನೇಕಾರ. ಒಂದು ಶ್ರಾವಣದಲ್ಲಿ ಹಸುವಿಗೆ ಸೊಪ್ಪೆ ಕತ್ತರಿಸುತ್ತಿದ್ದಾಗ ಕುಡುಗೋಲು ಜಾರಿ ಬಲ ಅಂಗೈ ಸೀಳಿತು. ಹೆಬ್ಬೆರಳು ಮತ್ತು ತೋರುಬೆರಳಿಗೆ ಹೋಗುವ ನರಗಳು ಕಡಿದಿದ್ದವು. ಡಾಕ್ಟರು ಕೂತು, ಕೂದಲೆಳೆಯಂಥ ರೇಷ್ಮೆ ದಾರದಿಂದ ಅವನ್ನು ಹುಡುಕಿ ಹುಡುಕಿ ಹೊಲಿದರು. ಮತ್ತಿನಿಂದ ಎಚ್ಚರವಾದ ಮೇಲೆ ಯಾವ ದಾರ ಹಾಕಿದಿರಿ ಎಂದು ಓಬಳಯ್ಯ ಕೇಳಿದ. ನಾನು ಹೇಳಿದೆ. "ಇಷ್ಟು ವರ್ಷ ಅದನ್ನ ನಾನು ನೇಯ್ದೆ, ಇವತ್ತು ಅದು ನನ್ನ ನೇಯ್ತು ಬಿಡ್ರಿ" ಎಂದು ಅಷ್ಟು ನೋವಿನಲ್ಲೂ ನಕ್ಕ.

ಆಮೇಲೆ ಅವನು ನಗಲಿಲ್ಲ. ಅವನ ಒಬ್ಬಳೇ ಮಗಳು ಸುಂಕಮ್ಮನಿಗೆ ಮಾಘದಲ್ಲಿ ಮದುವೆ ಗೊತ್ತಾಗಿತ್ತು. ಊರಿನವರಿಗೆಲ್ಲ ಸೀರೆ ನೇಯ್ದು, ತನ್ನ ಮನೆಯ ಹೆಂಗಸರಿಗೆ ಹತ್ತಿ ಸೀರೆ ಉಡಿಸಿದವನು, ಮಗಳ ಧಾರೆಗೆಂದು ಜೀವಮಾನದಲ್ಲಿ ಮೊದಲ ಸಲ ತನ್ನ ಮನೆಗೇ ಒಂದು ರೇಷ್ಮೆ ಸೀರೆಯನ್ನು ಮಗ್ಗಕ್ಕೆ ಹಾಕಿದ್ದ. ಅದು ಅರ್ಧ ಆಗಿತ್ತು. ಅವರ ಮನೆತನದಲ್ಲಿ ಧಾರೆ ಸೀರೆಯನ್ನು ತಂದೆಯೇ ನೇಯಬೇಕು, ಮದುವಣಗಿತ್ತಿ ಮುಹೂರ್ತದವರೆಗೆ ಅದಕ್ಕೆ ಕೈ ಹಚ್ಚಬಾರದು. ತನ್ನ ಅಣ್ಣನೇ ಮುಗಿಸಿಕೊಡುತ್ತೇನೆಂದು ಬಂದರೂ ಓಬಳಯ್ಯ ಒಪ್ಪಲಿಲ್ಲ. ಕೈ ಬದಲಾದರೆ ಬಟ್ಟೆಯಲ್ಲಿ ಪಟ್ಟಿ ಬೀಳುತ್ತದೆ, ಒಬ್ಬೊಬ್ಬರು ನೂಲನ್ನು ಒತ್ತುವ ಹದ ಒಂದೊಂದು. ಹೀಗಾಗಿ ಮಗ್ಗ ಸುಮ್ಮನೆ ನಿಂತಿತ್ತು.

ಒಂದು ದಿನ ಕೈ ತೊಳೆಸಿಕೊಳ್ಳುತ್ತ ಅವನು ಹೇಳಿದ: "ಸೀರೆ ಹಾಳಾಗ್ಲಿ ಸಾಮಿ. ಈ ಎಲ್ಡು ಬೆಳ್ಳು ಸತ್ತೋಗ್ಯಾವೆ. ಧಾರೆ ಎರೆಯೋ ಹೊತ್ತಿಗೆ ಮಗಳ ಕೈ ಹಿಡಿದ್ರೆ, ಹಿಡ್ದಿದೀನಿ ಅಂತಾದ್ರೂ ನಂಗೆ ಗೊತ್ತಾಗ್ಬ್ಯಾಡ್ವಾ?"

ಡಾಕ್ಟರನ್ನು ಕೇಳಿದರೆ, "ಹೊಲಿದ ನರ ಬಸವನಹುಳದ ಹಾಗೆ ನಡೆಯುತ್ತೆ ಕಣಯ್ಯ. ತುದಿ ಮುಟ್ಟಿದರೆ ಪುಣ್ಯ, ಮುಟ್ಟದೆಯೂ ಇರಬಹುದು" ಎಂದರು.

ಗಾಯ ಮಾದ ಮೇಲೆ ಕೈ ನನ್ನ ಪಾಲಿಗೆ ಬಂತು. ಬೋರಯ್ಯನಿಗೆ ನಡೆದದ್ದು ಇವನಿಗೆ ನಡೆಯುವಂತಿರಲಿಲ್ಲ. ಉಣ್ಣೆ, ಹಗ್ಗ ಕೊಟ್ಟರೆ ಬೆರಳ ತುದಿ ಒರಟಾಗಿ ರೇಷ್ಮೆಯ ಎಳೆ ಸಿಕ್ಕಿಕೊಳ್ಳುತ್ತದೆ. ಎಣ್ಣೆ ತಿಕ್ಕಿದರೆ ಸೀರೆಗೆ ಕಲೆ. ನೇಯ್ಗೆಯಲ್ಲಿ ತುಂಡಾದ ರೇಷ್ಮೆ ನೂಲನ್ನು ಉಂಡೆ ಮಾಡಿ ಹಿಸುಕಲು ಕೊಟ್ಟೆ. ಎಣ್ಣೆಯನ್ನು ಮುಂಗೈಗೆ ಮಾತ್ರ ತಿಕ್ಕಿ ಸೀಗೆಪುಡಿ ಹಾಕಿ ತೊಳೆದು ಕಳಿಸುತ್ತಿದ್ದೆ. ತೌಡಿನ ಗಂಟನ್ನು ಮೊದಲು ನನ್ನ ಕೆನ್ನೆಗೆ ಇಟ್ಟು ನೋಡಿ ಆಮೇಲೆ ಅವನ ಕೈಗೆ ಇಡುತ್ತಿದ್ದೆ. ಸ್ಪರ್ಶವಿಲ್ಲದ ಬೆರಳಿಗೆ ಸುಟ್ಟರೂ ಗೊತ್ತಾಗುವುದಿಲ್ಲ, ಇದನ್ನು ನೀವು ಎಂದೂ ಮರೆಯಬೇಡಿ. ಅವನು ಮನೆಯಲ್ಲಿ ಬಿಸಿ ಚೆಂಬು ಹಿಡಿದು, ಬೊಬ್ಬೆ ಎದ್ದಿದ್ದನ್ನು ಹೆಂಡತಿ ಹೇಳಿದ ಮೇಲೆ ನೋಡಿಕೊಂಡಿದ್ದ.

ದಿನವೂ ಕೊನೆಯಲ್ಲಿ ಕಣ್ಣಿಗೆ ಟವಲು ಕಟ್ಟಿ ಪರೀಕ್ಷೆ. ಆ ಎರಡು ಬೆರಳ ನಡುವೆ ರಾಗಿಯನ್ನೋ ನವಣೆಯನ್ನೋ ಹುಣಸೆ ಬೀಜವನ್ನೋ ಇಟ್ಟು, ಇದೇನು ಎಂದು ಕೇಳುತ್ತಿದ್ದೆ. ಏನಿಟ್ಟರೂ ಅವನು ಹುರುಳಿ ಎನ್ನುತ್ತಿದ್ದ. ಒಮ್ಮೊಮ್ಮೆ ಏನೂ ಇಡದಿದ್ದಾಗಲೂ ಹುರುಳಿಯೇ. ಸರದಿಗೆ ಕಾಯುತ್ತಿದ್ದವನೊಬ್ಬ, "ಬಾಯಾಗ್ ಹಾಕ್ಕಂಡು ಹೇಳಲೇ ಓಬಳಯ್ಯ, ಬೇಗ ಮುಗೀತೈತೆ" ಎಂದು ಗೇಲಿ ಮಾಡಿದ. ಎಲ್ಲರೂ ನಕ್ಕರು. ಟವಲಿನ ಕೆಳಗಿಂದ ಓಬಳಯ್ಯನ ಕೆನ್ನೆಯ ಮೇಲೆ ನೀರು ಇಳಿದದ್ದನ್ನು ನಾನು ಮಾತ್ರ ನೋಡಿದೆ.

ದೀಪಾವಳಿಯ ಹೊತ್ತಿಗೆ ಬೆರಳು ಮಡಚತೊಡಗಿತು. ಡಾಕ್ಟರು ಮಗ್ಗಕ್ಕೆ ಕೂರಲು ಅಪ್ಪಣೆ ಕೊಟ್ಟರು. ಬೆಳಗ್ಗೆ ಸ್ವಲ್ಪ ನೇಯ್ದು, ಮಧ್ಯಾಹ್ನ ನನ್ನ ಹತ್ತಿರ ಬರುವುದು ಅವನ ದಿನಚರಿಯಾಯಿತು. ಮೊದಮೊದಲು ಅಳುಮೋರೆ ಹಾಕಿಕೊಂಡು ಬರುತ್ತಿದ್ದ. ಲಾಳಿ ಕೈ ಜಾರುತ್ತದೆ, ಮಗ್ಗದ ಹಲಗೆ ಎಳೆದು ನೂಲು ಒತ್ತಿದರೆ ಬಟ್ಟೆ ಬಲೆಯ ಹಾಗೆ ಸಡಿಲ. ಆದರೆ ಸ್ವಲ್ಪ ದಿನದಲ್ಲೇ ಮುಖ ಬದಲಾಯಿತು.

"ಬೆಳಿಗ್ಗೆ ನೇಯುವಾಗ ಕೈ ಸೋಲ್ತೈತೆ ಅನ್ಸುತ್ತೆ ಸಾಮಿ. ಸಾಯಂಕಾಲ ಮನೀಗ್ ಹೋಗಿ ನೋಡಿದ್ರೆ ಗಚ್ಚಿನ ನೆಲ ಇದ್ದಂಗೈತೆ ಬಟ್ಟೆ! ನಿಮ್ಮ ಕೈಗುಣ" ಎಂದ. ನಾನೂ ಉಬ್ಬಿದೆ. ಮನೆಗೆ ಹೋಗಿ ಹೆಂಡತಿಯ ಮುಂದೆ ಕೊಚ್ಚಿಕೊಂಡೆ.

ಆ ಜಂಬ ಇಳಿಸಿದವಳು ಸುಂಕಮ್ಮ. ಒಂದು ಬೆಳಗ್ಗೆ ನೀರು ಹೊರುವ ನೆವದಲ್ಲಿ ದವಾಖಾನೆಯ ಹಿಂಬಾಗಿಲಿಗೆ ಬಂದು, ಕೊಡ ಇಳಿಸಿ, ಅತ್ತಿತ್ತ ನೋಡಿ ಹೇಳಿದಳು: "ಸಾಮಿ, ಇವತ್ತು ನಾಯ್ನನ್ನ ಜಲ್ದಿ ಕಳಿಸ್ಬ್ಯಾಡ್ರಿ. ನಿನ್ನೆ ಅರ್ಧಕ್ಕೇ ಬಂದ್ಬಿಟ್ಟಿದ್ರು." ನಾಯ್ನ ಎಂದರೆ ಅವರಲ್ಲಿ ಅಪ್ಪ.

"ಯಾತಕ್ಕಮ್ಮಾ?" ಎಂದೆ.

ಅವಳು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದಳು. ಅಪ್ಪ ದವಾಖಾನೆಗೆ ಹೊರಟ ಕೂಡಲೇ ಅವನು ಬೆಳಗ್ಗೆ ನೇಯ್ದ ಸಡಿಲು ಎಳೆಗಳನ್ನು ಬಿಚ್ಚಿ, ಅಷ್ಟನ್ನೇ ಅವಳು ಬಿಗಿಯಾಗಿ ನೇಯ್ದು ಇಡುತ್ತಿದ್ದಳು. ಬಾಲ್ಯದಿಂದ ಅಪ್ಪನ ಎದುರು ಕೂತು ಅಂಚಿನ ಲಾಳಿ ಕೊಟ್ಟವಳು, ಅವನ ಒತ್ತು ಅವಳಿಗೆ ಬಾಯಿಪಾಠ. ಓಬಳಯ್ಯನಿಗೆ ಚಾಳೀಸು ಬಂದು ಹತ್ತಿರದ್ದು ಮಸುಕು, ಮನೆಯಲ್ಲಿ ಬೆಳಕೂ ಕಡಿಮೆ. ಬಟ್ಟೆಯನ್ನು ಅವನು ಸದಾ ಬೆರಳಿನಿಂದಲೇ ನೋಡುತ್ತಿದ್ದವನು, ಆ ಬೆರಳೇ ಈಗ ಕುರುಡಾಗಿತ್ತು.

"ಮದುವಣಗಿತ್ತಿ ಧಾರೆ ಸೀರೆ ಮುಟ್ಟಬಾರ್ದು ಅಲ್ಲೇನವ್ವ?" ಎಂದೆ.

"ಶಾಸ್ತ್ರ ತಪ್ಪಿದ್ರೆ ಪಾಪ ನಂಗೆ ಬರ್ಲಿ. ನಾಯ್ನ ಗುಂಡಿಯೊಳಗೆ ಕುಂತು ಅಳೋದು ನೋಡೋಕಾಗಲ್ಲ. ಅವ್ವಂಗೂ ಗೊತ್ತೈತೆ" ಎಂದು ಕೊಡ ಎತ್ತಿಕೊಂಡು ಹೋದಳು. ಮಗ್ಗದ ಮುಂದೆ ಕಾಲು ಇಳಿಬಿಟ್ಟು ಕೂರುವ ಗುಂಡಿಯ ಮಾತು ಅದು.

ಡಾಕ್ಟರಿಗೆ ಹೇಳಿದೆ. "ಗೊತ್ತಾದರೆ ಸೀರೆಯ ಹಾಸನ್ನೇ ಕತ್ತರಿಸಿ ಹಾಕಿಬಿಡ್ತಾನೆ. ಆಮೇಲೆ ಮಗ್ಗ ಹತ್ತೋದಿಲ್ಲ, ಕೈಯೂ ಹೋಗುತ್ತೆ. ಈಗ ಅವನು ದಿನಾ ಉತ್ಸಾಹದಿಂದ ಕೂರ್ತಿದಾನಲ್ಲ, ಅದೇ ಬೇಕಾದ್ದು. ನೀನು ತಿಕ್ಕೋದನ್ನ ಉದ್ದ ಮಾಡು" ಎಂದರು. ಅಂದಿನಿಂದ ನಾನು ಓಬಳಯ್ಯನ ಕೈಯನ್ನು ತಿಕ್ಕಿದ್ದೇ ತಿಕ್ಕಿದ್ದು. ಚಳ್ಳಕೆರೆಯ ಸುದ್ದಿ, ಬೋರಯ್ಯನ ಹೋರಿಯ ಸುದ್ದಿ, ಮುಗಿದರೆ ಮತ್ತೆ ಮೊದಲಿನಿಂದ. ಆದರೆ ರಾಗಿ ಇಟ್ಟರೆ ಹುರುಳಿ, ನವಣೆ ಇಟ್ಟರೆ ಹುರುಳಿ. ಮಾಘ ಹತ್ತಿರ ಬರುತ್ತಿತ್ತು. ಕೈ ಬಂತೆಂದು ನಂಬಿದವನಿಗೆ ಬಂದಿಲ್ಲವೆಂದು ಯಾವತ್ತಾದರೂ ತಿಳಿಯಲೇಬೇಕಲ್ಲ.

ಪುಷ್ಯ ಮಾಸದ ಒಂದು ದಿನ, ದವಾಖಾನೆಯ ಬಾಗಿಲು ಆಗಷ್ಟೇ ತೆಗೆದಿದ್ದೆ. ಓಬಳಯ್ಯ ಬೀದಿಯುದ್ದಕ್ಕೂ ಕೂಗಾಡುತ್ತ ಬಂದ. ಹಿಂದೆ ಅಳುತ್ತ ಸುಂಕಮ್ಮ, ಅವಳ ಹಿಂದೆ ಅವಳವ್ವ, ಆಮೇಲೆ ನೋಡಲು ಬಂದ ಅರ್ಧ ಬೀದಿ.

"ಕೇಳ್ರಿ ಸಾಮಿ ಇವ್ಳನ್ನ! ನನ್ನ ಮಗ್ಗದಾಗೆ ಕೈ ಆಡ್ಸ್ಯಾಳೆ! ತನ್ನ ಧಾರೆ ಸೀರೇನ ತಾನೇ ನೇಯ್ದಾಳೆ! ನಾನು ಹುಚ್ಚನಂಗೆ ನನ್ನ ಕೈ ಬಂತು ಅಂತ ಊರೆಲ್ಲ ಹೇಳ್ಕಂಡು ತಿರುಗಿದ್ನಲ್ರಿ!"

ಒಳಗಿನಿಂದ ಡಾಕ್ಟರು ಬಂದರು. "ನೀನು ನೋಡಿದೆಯೇನೋ ಅವಳು ನೇಯೋದನ್ನ?"

"ನೋಡ್ಲಿಲ್ಲ."

"ಯಾರಾದರೂ ಹೇಳಿದರೇನು?"

"ಹೇಳೋದ್ಯಾಕೆ ಸಾಮಿ? ಬೆಳಿಗ್ಗೆ ಮಗ್ಗಕ್ಕೆ ಕುಂತು ನಿನ್ನೆ ನೇಯ್ದಿದ್ದರ ಮ್ಯಾಲೆ ಹಿಂಗೆ ಬೆಳ್ಳು ಆಡ್ಸಿದೆ. ಅದು ನನ್ನ ಒತ್ತಲ್ಲ. ಸಣ್ಣಗೆ ಏರೈತೆ, ಇಳಿದೈತೆ, ಬೆಳ್ಳಿಗೆ ತಗುಲ್ತು..."

ಅಲ್ಲಿಗೆ ಅವನ ಮಾತು ನಿಂತಿತು. ಗಾಳಿಯಲ್ಲಿ ಆಡಿಸುತ್ತಿದ್ದ ತೋರುಬೆರಳು ಹಾಗೆಯೇ ನಿಂತಿತು. ಅವನು ಅದನ್ನು ಕಣ್ಣಿನಿಂದ ದೂರ ಹಿಡಿದು ನೋಡಿದ, ಯಾರದೋ ಬೆರಳನ್ನು ನೋಡುವ ಹಾಗೆ.

ಹೆಗಲ ಮೇಲಿನ ಟವಲು ತೆಗೆದು ಅವನ ಕಣ್ಣಿಗೆ ಕಟ್ಟಿದೆ. ಒಂದು ಚಿಟಿಕೆ ಕಾಳು ಬೆರಳಿಗೆ ಕೊಟ್ಟೆ. ಅವನು ಬಹಳ ಹೊತ್ತು ಹೊರಳಿಸಿದ. "ರಾಗಿ" ಎಂದ. ಹುಣಸೆ ಬೀಜ ಇಟ್ಟೆ. "ಹುಣಸೆ ಪಿಕ್ಕ." ಎರಡು ನೂಲಿನ ಎಳೆ ಇಟ್ಟೆ. "ಇದು ಹತ್ತಿ. ಇದು ನಮ್ದು" ಎಂದ. ಡಾಕ್ಟರು ಬಾಗಿಲ ಕಡೆ ತಿರುಗಿ ಜೋರಾಗಿ ಮೂಗು ಸೀಟಿಕೊಂಡರು, ನಶ್ಯ ಹಾಕದೆಯೇ. ನಾನು ನಾಚಿಕೆ ಬಿಟ್ಟು ಅತ್ತೆ.

ಓಬಳಯ್ಯ ಟವಲು ಕಿತ್ತು ಹಾಕಿ ಮಗಳನ್ನು ನೋಡಿದ. ಅವಳು ಕಂಬದ ಹಿಂದೆ ನಿಂತಿದ್ದಳು. "ಎಲ್ಲಿಂದ ಎಲ್ಲೀ ತನಕ ನಿಂದು?" ಎಂದು ಕೇಳಿದ. ಅವಳು ಬಿಕ್ಕುತ್ತ, "ಎರಡು ಮೊಳ, ನಾಯ್ನಾ" ಎಂದಳು. "ಒತ್ತು ಹೆಚ್ಚಾಗೈತೆ. ಇಷ್ಟು ಬಿಗೀಬಾರ್ದು, ಮಡಿಕೆಗೆ ಹರೀತೈತೆ. ನಿಂಗೆಷ್ಟು ಸಲ ಹೇಳೀನಿ?" ಎಂದು ಗದರಿದ. ಗದರುತ್ತಲೇ ಅವಳ ತಲೆಯ ಮೇಲೆ ಆ ಬಲಗೈ ಇಟ್ಟ.

ಆ ಎರಡು ಮೊಳವನ್ನು ಬಿಚ್ಚಿ ನೇಯಲೇಬೇಕೆಂದು ಓಬಳಯ್ಯನ ಅಣ್ಣ ಹಟ ಹಿಡಿದ, ಹಿರಿಯರು ಶಾಸ್ತ್ರ ಹೇಳಿದರು. "ಹಂಗೇ ಇರ್ಲಿ. ಆ ಪಟ್ಟಿ ಇರ್ದಿದ್ರೆ ನನ್ನ ಬೆಳ್ಳು ಬಂದಿದ್ದು ನಂಗೆ ಗೊತ್ತಾಗ್ತಾನೇ ಇರ್ಲಿಲ್ಲ" ಎಂದುಬಿಟ್ಟ ಓಬಳಯ್ಯ. ಉಳಿದದ್ದನ್ನು ತಾನೇ ನೇಯ್ದು ಮುಗಿಸಿದ. ಮೊದಲಿನಷ್ಟು ಚಂದವಾಗಿರಲಿಲ್ಲವೆಂದು ಬಲ್ಲವರು ಹೇಳಿದರು. ನನಗೆ ಅಂಥ ವ್ಯತ್ಯಾಸ ತಿಳಿಯುವುದಿಲ್ಲ.

ಮಾಘದಲ್ಲಿ ಮದುವೆಯಾಯಿತು. ಡಾಕ್ಟರಿಗೂ ನನಗೂ ಕರೆಯಿತ್ತು. ನಾವು ಚಪ್ಪರದ ಹಿಂಬದಿಯಲ್ಲಿ ಜನರ ನಡುವೆ ನಿಂತಿದ್ದೆವು. ಸುಂಕಮ್ಮ ಆ ಸೀರೆ ಉಟ್ಟು ಕೂತಿದ್ದಳು. ಮಗಳ ಕೈಯನ್ನು ತನ್ನ ಬಲಗೈಯಲ್ಲಿ ಹಿಡಿದು ಅಳಿಯನ ಕೈಯ ಮೇಲಿಟ್ಟ ಓಬಳಯ್ಯ. ಹೆಂಡತಿ ಮೂರೂ ಕೈಗಳ ಮೇಲೆ ಧಾರೆಯ ನೀರು ಬಿಟ್ಟಳು. ವಾದ್ಯ ಜೋರಾಯಿತು, ಎಲ್ಲರೂ ಅಕ್ಷತೆ ಹಾಕಿದರು. ಆ ಗದ್ದಲದಲ್ಲಿ ಓಬಳಯ್ಯ ಕತ್ತೆತ್ತಿ ಜನರಲ್ಲಿ ನನ್ನನ್ನು ಹುಡುಕುತ್ತಿದ್ದ. ಪುರೋಹಿತರು ಮಂತ್ರ ಹೇಳು ಎಂದು ಗದರುತ್ತಿದ್ದರೂ ಕೇಳದೆ, ಹುಡುಕಿ ಹಿಡಿದು, ಚಪ್ಪರದ ಈ ತುದಿಗೆ ಕೇಳಿಸುವ ಹಾಗೆ ಕೂಗಿದ:

"ಸಾಮೀ! ನೀರು ತಣ್ಣಗೈತ್ರೀ!"